ದವಾಖಾನೆಯೇ ಶಾಲೆಯಾಗಿದ್ದ ಕಾಲ

ಬೀದರದ ಕೋಟೆ ಕಟ್ಟಿಸಿದವರು, ಮದರಸಾ ಕಟ್ಟಿಸಿದವರು ಯಾರೆಂದು ಶಾಲೆಯ ಮಕ್ಕಳನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ. ಅದೇ ಬಹಮನಿ ಮನೆತನದ ಎರಡನೇ ಅಲ್ಲಾವುದ್ದೀನ್ ಅಹ್ಮದ್ ಶಾಹ ಈ ಊರಿನಲ್ಲಿ ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿದ್ದ ಸಂಗತಿ ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅವನು ಆಳಿದ್ದು 1436ರಿಂದ 1458ರವರೆಗೆ. ರೋಗಿಗಳ ಊಟಕ್ಕೆ, ಔಷಧಕ್ಕೆ ಹಳ್ಳಿಗಳ ಉತ್ಪನ್ನವನ್ನೇ ಅವನು ಬಿಟ್ಟುಕೊಟ್ಟಿದ್ದನೆಂದೂ, ಅಲ್ಲಿ ಹಿಂದೂ ವೈದ್ಯರೂ ಮುಸ್ಲಿಂ ಹಕೀಮರೂ ಕೂಡಿ ಕೆಲಸ ಮಾಡುತ್ತಿದ್ದರೆಂದೂ ಇತಿಹಾಸಕಾರ ಫೆರಿಷ್ಟಾ ಬರೆದಿದ್ದಾನೆ.

ನಾನು ಇಂದು ಮಾತಾಡಬೇಕೆಂದಿರುವುದು ವೈದ್ಯರ ಬಗ್ಗೆಯಲ್ಲ, ಹಕೀಮರ ಬಗ್ಗೆಯೂ ಅಲ್ಲ. ರೋಗಿಯ ಮಗ್ಗಲು ಹೊರಳಿಸಿದವರು, ಮೈ ಒರೆಸಿದವರು, ಮಲಮೂತ್ರ ಬಳಿದವರು, ರಾತ್ರಿಯೆಲ್ಲ ಎಚ್ಚರವಿದ್ದು ಜ್ವರ ನೋಡಿದವರ ಬಗ್ಗೆ. ರಾಜರ ಚರಿತ್ರೆ ಬರೆಯುವವರು ಇಂಥವರ ಲೆಕ್ಕ ಇಡುವುದಿಲ್ಲ. ಇಡುವಂಥ ಪದ್ಧತಿಯೂ ಇರಲಿಲ್ಲವೆನ್ನಿ; ಆ ಕೆಲಸ ಮನೆಯ ಹೆಂಗಸರದು, ಇಲ್ಲವೇ ಆಳಿನದು. ಅದನ್ನು ಕಲಿಯಬೇಕು, ಕಲಿಸಬೇಕು, ಕಲಿತವರಿಗೆ ಸರ್ಟಿಫಿಕೇಟು ಕೊಡಬೇಕು ಎಂಬ ವಿಚಾರ ಬಂದದ್ದು 19ನೇ ಶತಮಾನದಲ್ಲಿ. ನಮ್ಮ ಬೀದರ, ಭಾಲ್ಕಿ, ಔರಾದ ಸೀಮೆಗೆ ಅದು ಇನ್ನೂ ತಡವಾಗಿ, ಬಳಸುದಾರಿಯಲ್ಲಿ ಬಂತು.

ಹಾಗಂತ ಅದಕ್ಕೆ ಮುಂಚೆ ಇಲ್ಲಿ ಕೈನುರಿತವರು ಇರಲಿಲ್ಲವೇ? ಇದ್ದರು. ಹಳ್ಳಿಹಳ್ಳಿಗೆ ಸೂಲಗಿತ್ತಿ ಇದ್ದಳು. ನಡುರಾತ್ರಿ ಕಂದೀಲು ಹಿಡಿದು ಗಂಡಾಳು ಬಾಗಿಲು ಬಡಿದರೆ ಎದ್ದು ಹೊರಡುವವಳು, ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ತಿರುಗಿದೆಯೋ ಇಲ್ಲವೋ ಹೇಳುವವಳು. ಕೂಲಿ ಎಂದರೆ ಒಂದಿಷ್ಟು ಜೋಳ, ಒಂದು ಕುಬಸ. ಗಂಡು ಹುಟ್ಟಿದರೆ ಸೀರೆ. ಅವಳು ಹೆಚ್ಚಾಗಿ ಊರ ಹೊರಗಿನ ಕೇರಿಯವಳು. ಬಾಣಂತಿಕೋಣೆಯ ಒಳಗೆ ಅವಳ ಮಾತೇ ನಡೆಯುತ್ತಿತ್ತು. ಕೆಲಸ ಮುಗಿದ ಮೇಲೆ ಅದೇ ಮನೆಯ ಬಾವಿಯ ಹತ್ತಿರ ಅವಳು ಸುಳಿಯುವಂತಿರಲಿಲ್ಲ. ಹೆರಿಗೆಯೆಂದರೆ ಸೂತಕ, ಸೂತಕ ಮುಟ್ಟುವವಳು ಮೈಲಿಗೆ.

ಇಲ್ಲೊಂದು ವಿಚಿತ್ರವಿದೆ. ಪಂಚಸೂತಕ ಸುಳ್ಳು ಎಂದು 12ನೇ ಶತಮಾನದಲ್ಲಿ ಶರಣರು ಸಾರಿದ್ದು ಇದೇ ಜಿಲ್ಲೆಯ ಕಲ್ಯಾಣದಲ್ಲಿ. ಅವರು ತಳ್ಳಿಹಾಕಿದ ಐದು ಸೂತಕಗಳಲ್ಲಿ ಜನನಸೂತಕ ಒಂದು, ಜಾತಿಸೂತಕ ಇನ್ನೊಂದು. ವೈದ್ಯ ಸಂಗಣ್ಣನೆಂಬ ಶರಣ ವೈದ್ಯಕೀಯದ ಮಾತಿನಲ್ಲೇ ವಚನ ಹೇಳಿದ್ದಾನೆ. ಇಷ್ಟಿದ್ದೂ ಎಂಟುನೂರು ವರ್ಷದ ಮೇಲೆ ನರ್ಸ್ ಕೆಲಸ ಈ ನೆಲಕ್ಕೆ ಬಂದಾಗ ಮೇಲುಜಾತಿಯವರ ಮನೆಯ ಹುಡುಗಿಯರು ಹೆಚ್ಚಾಗಿ ಮುಂದೆ ಬರಲಿಲ್ಲವಾದರೆ, ತೊಡಕು ಎಲ್ಲಿತ್ತು ಎಂಬುದು ತಿಳಿಯುತ್ತದೆ. ಪರರ ಮಲ ಮುಟ್ಟಬೇಕು, ಗುರುತಿಲ್ಲದ ಗಂಡಸಿನ ಮೈ ಒರೆಸಬೇಕು, ರಾತ್ರಿ ಮನೆಯ ಹೊರಗೆ ಇರಬೇಕು. ಈ ಮೂರರಲ್ಲಿ ಒಂದೇ ಸಾಕಿತ್ತು ಮದುವೆ ಮುರಿಯುವುದಕ್ಕೆ.

ಹೊರಗಿನ ಲೋಕದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಕ್ರಿಮಿಯಾ ಯುದ್ಧದಲ್ಲಿ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದರು. ಅವರು ಭಾರತಕ್ಕೆ ಕಾಲಿಟ್ಟವರೇ ಅಲ್ಲ, ಆದರೂ ಇಲ್ಲಿನ ಆಸ್ಪತ್ರೆಗಳಲ್ಲಿ ನರ್ಸಿಂಗ್ ಹೇಗಿರಬೇಕೆಂದು 1865ರಲ್ಲೇ ಸಲಹೆ ಬರೆದು ಕಳಿಸಿದರು. 1871ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಆರಂಭವಾಯಿತು. 1885ರಲ್ಲಿ ವೈಸರಾಯನ ಹೆಂಡತಿ ಲೇಡಿ ಡಫರಿನ್ ಹೆಸರಿನಲ್ಲಿ ಒಂದು ನಿಧಿ ಹುಟ್ಟಿ, ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಸಿಗಬೇಕೆಂಬ ಮಾತು ದೊಡ್ಡ ಊರುಗಳಲ್ಲಿ ಕೇಳಿಬಂತು.

ನಮಗೆ ದೊಡ್ಡ ಊರು ಅಂದರೆ ಹೈದರಾಬಾದು. ನಿಜಾಮರ ರಾಜ್ಯದಲ್ಲಿ 1846ರಲ್ಲೇ ವೈದ್ಯಕೀಯ ಶಾಲೆ ಶುರುವಾಗಿತ್ತು, ಅದೂ ಉರ್ದು ಭಾಷೆಯಲ್ಲಿ. ಆಮೇಲೆ ಎಡ್ವರ್ಡ್ ಲಾರಿ ಎಂಬ ಸರ್ಜನ್ನನ ಕಾಲದಲ್ಲಿ ಕ್ಲೋರೋಫಾರ್ಮಿನ ಮೇಲೆ ನಡೆದ ಪ್ರಯೋಗಗಳಿಂದ ಆ ಊರು ಜಗತ್ತಿನ ವೈದ್ಯರ ಬಾಯಲ್ಲಿ ಬಂತು. ಅಲ್ಲಿ ಕಲಿತ ರೂಪಾಬಾಯಿ ಫರ್ದೂಂಜಿ ಅರಿವಳಿಕೆ ಕೊಡುವ ಕೆಲಸದಲ್ಲಿ ಮೊದಲ ಮಹಿಳೆಯೆಂದು ಹೆಸರು ಪಡೆದರು. 1908ರ ಮೂಸಿ ನದಿಯ ಪ್ರವಾಹ ಅಫ್ಜಲ್‌ಗಂಜಿನ ಆಸ್ಪತ್ರೆಯನ್ನು ಕೊಚ್ಚಿಕೊಂಡು ಹೋಯಿತು. ಮುಂದೆ ಅದರ ಜಾಗಕ್ಕೆ ಉಸ್ಮಾನಿಯಾ ಆಸ್ಪತ್ರೆ ಬಂತು. ಪರದೆಯ ಹೆಂಗಸರಿಗೆಂದೇ ವಿಕ್ಟೋರಿಯಾ ಜನಾನಾ ಆಸ್ಪತ್ರೆಯೂ ಎದ್ದಿತು. ಇದೆಲ್ಲ ರಾಜಧಾನಿಯ ವೈಭವ. ಔರಾದಿನ ಬಸುರಿಗೆ ಬ್ಯಾನಿ ಎದ್ದರೆ ಇದರಲ್ಲಿ ಯಾವುದೂ ಆಗಿಬರುತ್ತಿರಲಿಲ್ಲ. ಬೀದರದಿಂದ ಹೈದರಾಬಾದಿಗೇ ನೂರು ಕಿಲೋಮೀಟರಿಗಿಂತ ಎಷ್ಟೋ ಹೆಚ್ಚು, ಔರಾದಿನಿಂದ ಬೀದರಕ್ಕೆ ಚಕ್ಕಡಿ. ನಿಜಾಮರ ರೈಲು ಬಂದಾಗಲೂ ಅದು ಬೀದರ, ಭಾಲ್ಕಿ, ಕಮಲನಗರ ಮುಟ್ಟಿ ಉದಗೀರದ ಕಡೆ ಹೋಯಿತು. ಔರಾದ ಪಟ್ಟಣಕ್ಕೆ ಇವತ್ತಿಗೂ ರೈಲಿಲ್ಲ.

ಈ ಸೀಮೆಗೆ ಹೊಸ ರೀತಿಯ ಆಸ್ಪತ್ರೆಯನ್ನು ತಂದವರಲ್ಲಿ ಅಮೆರಿಕದ ಮೆಥಡಿಸ್ಟ್ ಮಿಶನ್ನಿನವರು ಮುಖ್ಯರು. ಬೀದರದ ಮಂಗಲಪೇಟೆಯ ಚರ್ಚು, ಶಾಲೆ, ದವಾಖಾನೆ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಈ ಮಿಶನ್ನಿನವರಿಗೆ ಹೆಂಗಸರ ಆಸ್ಪತ್ರೆಯ ಅನುಭವ ಮೊದಲೇ ಇತ್ತು. 1869ರಲ್ಲಿ ಬೋಸ್ಟನ್ನಿನಲ್ಲಿ ಆ ಚರ್ಚಿನ ಹೆಂಗಸರು ತಮ್ಮದೇ ಒಂದು ಸಂಘ ಕಟ್ಟಿಕೊಂಡು ಅದೇ ವರ್ಷ ಇಬ್ಬರನ್ನು ಭಾರತಕ್ಕೆ ಕಳಿಸಿದರು. ಒಬ್ಬರು ಶಿಕ್ಷಕಿ ಇಸಬೆಲ್ಲಾ ಥೋಬರ್ನ್, ಇನ್ನೊಬ್ಬರು ಡಾಕ್ಟರ್ ಕ್ಲಾರಾ ಸ್ವೇನ್. ಬರೇಲಿಗೆ ಬಂದ ಕ್ಲಾರಾ ಸ್ವೇನ್ 1870ರಲ್ಲಿ ಅಲ್ಲಿನ ಅನಾಥಾಲಯದ 14 ಹುಡುಗಿಯರನ್ನು ಕೂಡಿಸಿಕೊಂಡು ಪಾಠ ಶುರುಮಾಡಿದರು. ಸ್ವಂತ ಆಸ್ಪತ್ರೆ ಕಟ್ಟಡ ಸಿದ್ಧವಾದದ್ದು 1874ರಲ್ಲಿ. ಕಟ್ಟಡಕ್ಕಿಂತ ಮುಂಚೆ ವಿದ್ಯಾರ್ಥಿನಿಯರು ಸಿಕ್ಕಿದ್ದರು. ಸಿಕ್ಕಿದ್ದು ಎಲ್ಲಿ ಎಂಬುದನ್ನು ಗಮನಿಸಬೇಕು: ಅನಾಥಾಲಯದಲ್ಲಿ.

ದಕ್ಷಿಣದ ಹಳೆಯ ನರ್ಸಿಂಗ್ ಶಾಲೆಗಳ ಕಥೆಯೂ ಬಹುಮಟ್ಟಿಗೆ ಹೀಗೇ ಇದೆ. 1896-97ರಲ್ಲಿ ಒಂದು ಬರ, 1899-1900ರಲ್ಲಿ ಇನ್ನೊಂದು. ದಖ್ಖನ್ನಿನ ಹಳ್ಳಿಗಳು ಖಾಲಿಯಾದವು, ಮಿಶನ್ನಿನ ವಸತಿಶಾಲೆಗಳು ತುಂಬಿದವು. ಅಲ್ಲಿ ಓದು-ಬರಹ ಕಲಿತ ಹುಡುಗಿಯರು ದೊಡ್ಡವರಾದಾಗ ಇದ್ದ ದಾರಿ ಎರಡೇ, ಒಂದು ಟೀಚರು, ಇನ್ನೊಂದು ನರ್ಸು. ಅವರ ಜೊತೆಗೆ ಬಾಲವಿಧವೆಯರು ಬಂದರು, ಗಂಡ ಬಿಟ್ಟವರು ಬಂದರು, ಹೊಸದಾಗಿ ಕ್ರೈಸ್ತರಾದ ದಲಿತ ಕುಟುಂಬಗಳ ಹೆಣ್ಣುಮಕ್ಕಳು ಬಂದರು. ಊರ ಹೊರಗಿನ ಕೇರಿಯಿಂದ ಸೂಲಗಿತ್ತಿಯಾಗಿ ಹೋಗುತ್ತಿದ್ದ ಅಜ್ಜಿಯ ಮೊಮ್ಮಗಳು ಬಿಳಿ ಸೀರೆಯುಟ್ಟು, ಕೈಯಲ್ಲಿ ಥರ್ಮಾಮೀಟರು ಹಿಡಿದು ನರ್ಸಬಾಯಿಯಾದಳು. ಅಜ್ಜಿಯನ್ನು ಹೊರಗೆ ನಿಲ್ಲಿಸಿದ ವಾಡೆಯವರು ಮೊಮ್ಮಗಳಿಗೆ ‘ಬರ್ರಿ ಬಾಯಿ, ಕೂಡ್ರಿ’ ಅಂದರು. ಈ ಒಂದು ಬದಲಾವಣೆಯನ್ನು ನಮ್ಮ ಜಿಲ್ಲೆಯ ಸಾಮಾಜಿಕ ಚರಿತ್ರೆ ಬರೆಯುವವರು ಯಾಕೆ ದೊಡ್ಡದಾಗಿ ಬರೆಯುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಅದೇ ಮೆಥಡಿಸ್ಟರು 1910ರಲ್ಲಿ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ತೆರೆದರು. ಜನ ಅದನ್ನು ಇ.ಟಿ.ಸಿ.ಎಂ. ಅನ್ನುತ್ತಾರೆ. ಮೈಸೂರಿನಲ್ಲಿ ವೆಸ್ಲಿಯನ್ ಮಿಶನ್ನಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಇನ್ನೂ ಹಳೆಯದು, 1886ರದು, ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು ಕಟ್ಟಿದ್ದು. ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ಆರಂಭಿಸಿದರು. ಗಡಿಯಾಚೆ ಮೀರಜಿನಲ್ಲಿ ವಿಲಿಯಂ ವಾನ್ಲೆಸ್ ಕಟ್ಟಿದ ದವಾಖಾನೆಗೆ ಬೆಳಗಾವಿ, ಬಿಜಾಪುರ ಕಡೆಯ ಕನ್ನಡ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಇವುಗಳ ಜೊತೆ ಬೆಳೆದ ನರ್ಸಿಂಗ್ ಶಾಲೆಗಳೇ ಕನ್ನಡ ನಾಡಿಗೆ ಮೊದಲ ತಲೆಮಾರಿನ ನರ್ಸುಗಳನ್ನು ಕೊಟ್ಟವು.

ಶಾಲೆ ಅಂದೆ. ಆದರೆ ಕಪ್ಪುಹಲಗೆ, ಬೆಂಚು, ಗಂಟೆ ಇರುವ ಶಾಲೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಬೇಡಿ. ನಾನು ಇವತ್ತು ಒತ್ತಿ ಹೇಳಬೇಕಾದ ಮಾತು ಇದೇ: ಆಗ ವಾರ್ಡೇ ಶಾಲೆ, ಆ ವಾರ್ಡು ನಡೆಯುತ್ತಿದ್ದುದು ವಿದ್ಯಾರ್ಥಿನಿಯರಿಂದ. ಆಸ್ಪತ್ರೆಯವರು ಹುಡುಗಿಗೆ ಊಟ, ವಸತಿ, ಸಮವಸ್ತ್ರ, ಕೈಖರ್ಚಿಗೆ ನಾಲ್ಕು ಕಾಸು ಕೊಡುತ್ತಿದ್ದರು. ಹುಡುಗಿ ಮೂರು ವರ್ಷ ಹಗಲು-ರಾತ್ರಿ ದುಡಿಯುತ್ತಿದ್ದಳು. ಮೇಲೆ ಒಬ್ಬ ಮೇಟ್ರನ್, ಬಹುತೇಕ ವಿದೇಶದವಳು. ಆಕೆಯ ಕೆಳಗೆ ಒಬ್ಬಿಬ್ಬರು ಸಿಸ್ಟರ್‌ಗಳು. ಅವರ ಕೆಳಗೆ ಪಾಸಾದ ಸ್ಟಾಫ್ ನರ್ಸುಗಳು ಬೆರಳೆಣಿಕೆಯಷ್ಟು. ಉಳಿದ ಭಾರವೆಲ್ಲ ಪ್ರೊಬೇಷನರುಗಳೆಂಬ ಈ ಹುಡುಗಿಯರ ಹೆಗಲ ಮೇಲೆ. ಪಾಠ ನಡೆಯುತ್ತಿದ್ದುದು ಡ್ಯೂಟಿಯ ಸಂದಿಯಲ್ಲಿ. ರಾತ್ರಿಪಾಳಿ ಮುಗಿಸಿದವಳು ತೂಕಡಿಸುತ್ತ ಕೂತು ಎಲುಬುಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಇದನ್ನು ಸೇವೆ ಎಂದು ಹೊಗಳಿದವರು ಬಹಳ. ಅಗ್ಗದ ದುಡಿಮೆಯೂ ಹೌದು ಎಂದು ಹೇಳಿದವರು ಕಡಿಮೆ. ಎರಡೂ ನಿಜ. ಆ ದುಡಿಮೆ ಇಲ್ಲದಿದ್ದರೆ ಬಡವರಿಂದ ಎಂಟಾಣೆ ತೆಗೆದುಕೊಂಡು ಅಥವಾ ಏನೂ ತೆಗೆದುಕೊಳ್ಳದೆ ಮಿಶನ್ ಆಸ್ಪತ್ರೆಗಳು ನಡೆಯುತ್ತಿರಲಿಲ್ಲ.

ಏನು ಕಲಿಸುತ್ತಿದ್ದರು? ಮೊದಲ ತಿಂಗಳುಗಳಲ್ಲಿ ಧೂಳು ಒರೆಸುವುದು, ಪಾತ್ರೆ ತಿಕ್ಕುವುದು, ಹಾಸಿಗೆ ಮಾಡುವುದು. ಇದು ನಗುವ ಮಾತಲ್ಲ. ರೋಗಿಯನ್ನು ಎಬ್ಬಿಸದೆ ಅವನ ಕೆಳಗಿನ ಚಾದರ ಬದಲಿಸಿ ನೋಡಿ, ಗೊತ್ತಾಗುತ್ತದೆ. ರೋಗಿಯನ್ನು ಒಂದು ಮಗ್ಗಲಿಗೆ ಹೊರಳಿಸಬೇಕು, ಹಳೆಯ ಚಾದರವನ್ನು ಅವನ ಬೆನ್ನಿನ ತನಕ ಸುರುಳಿ ಸುತ್ತಬೇಕು, ಹೊಸದನ್ನು ಅದರ ಪಕ್ಕಕ್ಕೇ ಹಾಸಿ ಅದರ ಅರ್ಧವನ್ನೂ ಸುರುಳಿ ಮಾಡಬೇಕು, ಆಮೇಲೆ ರೋಗಿಯನ್ನು ಎರಡೂ ಸುರುಳಿ ದಾಟಿಸಿ ಈ ಕಡೆ ಹೊರಳಿಸಿ ಹಳೆಯದನ್ನು ಎಳೆದುಕೊಳ್ಳಬೇಕು. ಒಂದು ಸುಕ್ಕು ಉಳಿದರೂ ತಿಂಗಳುಗಟ್ಟಲೆ ಮಲಗಿದವನ ಬೆನ್ನು ಹುಣ್ಣಾಗುತ್ತದೆ. ಪೆನಿಸಿಲಿನ್ ಇಲ್ಲದ ಕಾಲವದು. ಬೆನ್ನುಹುಣ್ಣು ಕೀವಾದರೆ ಮನುಷ್ಯ ಉಳಿಯುವುದು ಕಷ್ಟ. ವಿಷಮಶೀತಜ್ವರಕ್ಕಾಗಲಿ ನ್ಯುಮೋನಿಯಾಕ್ಕಾಗಲಿ ಡಾಕ್ಟರ ಬಳಿ ನೇರವಾದ ಮದ್ದು ಇರಲಿಲ್ಲ. ತಣ್ಣೀರು ಬಟ್ಟೆ, ಅಗಸೆಹಿಟ್ಟಿನ ಪಟ್ಟು, ಗುಟುಕು ಗುಟುಕಾಗಿ ಗಂಜಿ, ನಾಲ್ಕು ತಾಸಿಗೊಮ್ಮೆ ಜ್ವರದ ಚಾರ್ಟು. ಆ ರೋಗಿ ಬದುಕಿದರೆ ಅದರಲ್ಲಿ ನರ್ಸಿನ ಪಾಲು ಡಾಕ್ಟರ ಪಾಲಿಗಿಂತ ಹೆಚ್ಚು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಸೂಜಿಯ ವಿಷಯವೂ ಹಾಗೇ. ನನ್ನ ವಯಸ್ಸಿನವರಿಗೆ ಗಾಜಿನ ಸಿರಿಂಜು ನೆನಪಿರಬೇಕು. ಒಳಗಿನ ದಂಡ, ಹೊರಗಿನ ಕೊಳವೆ ಎರಡಕ್ಕೂ ಒಂದೇ ನಂಬರು. ಅದಲುಬದಲಾದರೆ ಔಷಧ ಸೋರುತ್ತದೆ. ಅವನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ನೀರಿನಲ್ಲಿಟ್ಟು ಕುದಿಸಬೇಕು. ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಬೇಕು. ತುದಿಯನ್ನು ಹತ್ತಿಯ ಮೇಲೆ ಎಳೆದು ನೋಡಬೇಕು, ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಉಜ್ಜಬೇಕು. ಈ ಕೆಲಸಕ್ಕೇ ಅರ್ಧ ದಿನ ಹೋಗುತ್ತಿತ್ತು.

ಇಷ್ಟೆಲ್ಲ ಕಲಿತವರಿಗೆ ಪರೀಕ್ಷೆ ಬೇಡವೇ? ಆರಂಭದಲ್ಲಿ ಆಯಾ ಆಸ್ಪತ್ರೆಯದೇ ಕಾಗದ. 1908ರಲ್ಲಿ ಭಾರತೀಯ ತರಬೇತಾದ ನರ್ಸುಗಳ ಸಂಘ ಹುಟ್ಟಿತು, 1910ರಲ್ಲಿ ಅದರ ಪತ್ರಿಕೆ ಬಂತು. ಅದೇ ದಶಕಗಳಲ್ಲಿ ಮಿಶನ್ ಆಸ್ಪತ್ರೆಗಳು ಪ್ರಾಂತವಾರು ಕೂಡಿ ಪರೀಕ್ಷಾ ಮಂಡಳಿಗಳನ್ನು ಮಾಡಿಕೊಂಡವು. ನರ್ಸುಗಳ ನೋಂದಣಿಗೆ ಕಾನೂನು ಮೊದಲು ಬಂದದ್ದು ಮದರಾಸಿನಲ್ಲಿ, 1926ರಲ್ಲಿ. ಇದು ಒಳ್ಳೆಯ ಸುಧಾರಣೆಯೇ. ಆದರೆ ಇದರಿಂದ ಸಣ್ಣ ಊರಿಗೆ ಒಂದು ಪೆಟ್ಟು ಬಿತ್ತು. ಮಾನ್ಯತೆ ಬೇಕಾದರೆ ಇಷ್ಟು ಹಾಸಿಗೆ ಇರಬೇಕು, ಔಷಧ, ಶಸ್ತ್ರಕ್ರಿಯೆ, ಹೆರಿಗೆ ಎಲ್ಲ ವಿಭಾಗಗಳೂ ಇರಬೇಕು, ಕಲಿಸುವ ಸಿಸ್ಟರ್ ಬೇರೆ ಇರಬೇಕು. ವಾರ್ಡೇ ಶಾಲೆಯಾದ ಮೇಲೆ ವಾರ್ಡು ಸಣ್ಣದಿದ್ದಲ್ಲಿ ಶಾಲೆ ಹೇಗೆ ಬೆಳೆದೀತು? ಭಾಲ್ಕಿ, ಔರಾದಿನಂಥ ತಾಲೂಕು ದವಾಖಾನೆಗಳಲ್ಲಿ ಒಬ್ಬ ಡಾಕ್ಟರ ಸಾಬ್, ಒಬ್ಬ ಕಂಪೌಂಡರ್, ಒಬ್ಬ ಡ್ರೆಸರ್, ಒಬ್ಬ ದಾಯಿ. ಅಲ್ಲಿ ಕೈಕೆಲಸ ಕಲಿತವರು ಆಯಾಗಳಾಗಿ ಉಳಿದರೇ ಹೊರತು ರಿಜಿಸ್ಟರಿನಲ್ಲಿ ನರ್ಸಾಗಲಿಲ್ಲ.

ಭಾಷೆಯ ಅಡ್ಡಿ ಇನ್ನೊಂದು. ಕಚೇರಿಯ ಭಾಷೆ ಉರ್ದು, ನರ್ಸಿಂಗ್ ಪುಸ್ತಕದ ಭಾಷೆ ಇಂಗ್ಲಿಷ್, ಮನೆಯ ಭಾಷೆ ಕನ್ನಡ ಇಲ್ಲವೇ ಮರಾಠಿ. ಆ ದಿನಗಳಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಿಮಗೆಲ್ಲ ಗೊತ್ತು. ಅಕ್ಷರಕ್ಕೇ ಹೀಗೆ ಮರೆಮಾಚಿ ದಾರಿ ಹುಡುಕಬೇಕಾಗಿದ್ದ ನಾಡಿನಲ್ಲಿ ಹೆಣ್ಣುಮಗಳೊಬ್ಬಳು ಎಂಟನೆಯ ತರಗತಿ ಮುಗಿಸಿ ನರ್ಸಿಂಗಿಗೆ ಅರ್ಜಿ ಹಾಕುವುದೆಂದರೆ ಎಷ್ಟು ದೂರದ ಮಾತು! ಹಾಗಾಗಿ ಮಿಶನ್ ಶಾಲೆಯ ಅಂಗಳಕ್ಕೆ ಸೇರಿದವರಿಗೆ ಮಾತ್ರ ಆ ಬಾಗಿಲು ತೆರೆಯಿತು, ಬಹುಕಾಲ ಅವರಿಗೇ ಉಳಿಯಿತು.

ದೇಶದ ಸ್ಥಿತಿಯೇನೂ ಹೆಚ್ಚು ಚೆನ್ನಾಗಿರಲಿಲ್ಲ. 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ಭೋರ್ ಸಮಿತಿ ವರದಿ ಕೊಟ್ಟಾಗ ಇಡೀ ಬ್ರಿಟಿಷ್ ಭಾರತದಲ್ಲಿ ತರಬೇತಾದ ನರ್ಸುಗಳು ಸುಮಾರು 7000. ಅಂದರೆ 43,000 ಜನಕ್ಕೆ ಒಬ್ಬಳು. ಡಾಕ್ಟರಾದರೆ 6300 ಜನಕ್ಕೆ ಒಬ್ಬ. ಡಾಕ್ಟರಿಗಿಂತ ನರ್ಸು ಕಡಿಮೆ ಇರುವ ದೇಶದಲ್ಲಿ ಡಾಕ್ಟರು ಬರೆದ ಚೀಟಿಯನ್ನು ಪಾಲಿಸುವವರು ಯಾರು? 1946ರಲ್ಲೇ ದೆಹಲಿಯಲ್ಲಿ, ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ತರಗತಿ ಶುರುವಾದವು. 1947ರ ಕೊನೆಯಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಆಗ ನಾವಿನ್ನೂ ನಿಜಾಮರ ಪ್ರಜೆಗಳು. 1948ರ ಸೆಪ್ಟೆಂಬರಿನಲ್ಲಿ ವಿಮೋಚನೆ, 1956ರ ನವೆಂಬರಿನಲ್ಲಿ ರಾಜ್ಯಗಳ ಮರುವಿಂಗಡಣೆ. ಹಳೆಯ ಬೀದರ ಜಿಲ್ಲೆ ಮೂರು ತುಂಡಾಯಿತು. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ.

ಹಳ್ಳಿಗೆ ನರ್ಸು ನಿಜವಾಗಿ ಬಂದದ್ದು ದೊಡ್ಡ ಶಾಲೆಗಳಿಂದಲ್ಲ, ಒಂದು ಸಣ್ಣ ಕೋರ್ಸಿನಿಂದ. 1951ರಲ್ಲಿ ಪಂಜಾಬಿನ ತರನ್ ತಾರನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಎ.ಎನ್.ಎಂ., ಅಂದರೆ ಹೆರಿಗೆ ಮಾಡಿಸಬಲ್ಲ ಸಹಾಯಕ ನರ್ಸುಗಳ ತರಬೇತಿ ಆರಂಭವಾಯಿತು. ಎರಡು ವರ್ಷದ ಕಲಿಕೆ, ಕಡಿಮೆ ಓದಿದವರಿಗೂ ಅವಕಾಶ. ಇದು ಸರ್ಕಾರದ ಯೋಜನೆಯಾಗಿ ದೇಶವೆಲ್ಲ ಹಬ್ಬಿ, 5000 ಜನಕ್ಕೊಂದು ಉಪಕೇಂದ್ರ, ಅಲ್ಲಿಗೊಬ್ಬ ಎ.ಎನ್.ಎಂ. ಎಂಬ ಲೆಕ್ಕ ನಿಂತಿತು. ಔರಾದ ತಾಲೂಕಿನ ಎ.ಎನ್.ಎಂ. ಕೆಲಸ ಬೇರೆ ಕಡೆಯವರಿಗೆ ಊಹೆಗೆ ನಿಲುಕದು. ಒಂದು ಮನೆಯಲ್ಲಿ ‘ಬ್ಯಾನಿ ಬರ್ಲತಾವ’ ಅಂದರೆ, ಪಕ್ಕದ ಓಣಿಯಲ್ಲಿ ‘ಕಳಾ ಯೇತಾತ್’, ಮತ್ತೊಂದರಲ್ಲಿ ‘ದರ್ದ್ ಹೋರಾ’, ತಾಂಡಾಕ್ಕೆ ಹೋದರೆ ಲಂಬಾಣಿ, ತೆಲಂಗಾಣದ ಗಡಿಗೆ ಹತ್ತಿದರೆ ತೆಲುಗು. ಇಷ್ಟೂ ಭಾಷೆಯಲ್ಲಿ ಅವಳು ಅತ್ತೆಯನ್ನು ಒಪ್ಪಿಸಬೇಕು, ಸೂಲಗಿತ್ತಿಯನ್ನು ಎದುರುಹಾಕಿಕೊಳ್ಳದೆ ಕೆಲಸ ಸಾಗಿಸಬೇಕು.

ಸೂಲಗಿತ್ತಿಯ ಹತ್ತಿರ ಅನುಭವವಿತ್ತು. ಕುದಿಸಿದ ಬ್ಲೇಡು ಇರಲಿಲ್ಲ. ಹೊಕ್ಕುಳಬಳ್ಳಿಯನ್ನು ಕೈಗೆ ಸಿಕ್ಕ ಕುಡುಗೋಲಿನಿಂದ ಕೊಯ್ದು ಅದರ ಮೇಲೆ ಬೂದಿಯೋ ಸಗಣಿಯೋ ಮೆತ್ತಿದರೆ ವಾರದೊಳಗೆ ಕೂಸು ಮೊಲೆ ಹಿಡಿಯುವುದು ಬಿಟ್ಟು, ಮೈ ಬಿಲ್ಲಿನಂತೆ ಬಾಗಿ ಸಾಯುತ್ತಿತ್ತು. ಅದು ಧನುರ್ವಾಯು. ಶುದ್ಧ ಕೈ, ಶುದ್ಧ ಹಾಸು, ಶುದ್ಧ ಬ್ಲೇಡು, ಬಳ್ಳಿಗೆ ಶುದ್ಧ ದಾರ, ಬಳ್ಳಿಯ ತುದಿಗೆ ಏನನ್ನೂ ಮೆತ್ತದಿರುವುದು, ಈ ಐದು ಮಾತನ್ನು ಎ.ಎನ್.ಎಂ.ಗಳು ಸೂಲಗಿತ್ತಿಯರಿಗೆ ಕಲಿಸಿದರು, ಬಸುರಿಯರಿಗೆ ಧನುರ್ವಾಯು ತಡೆಯುವ ಟಿ.ಟಿ. ಸೂಜಿ ಮಾಡಿದರು. 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿರ್ಮೂಲನವಾಯಿತೆಂದು ಘೋಷಣೆಯಾಯಿತು. ಅದರ ಹಿಂದೆ ಯಾವ ದೊಡ್ಡ ಯಂತ್ರವೂ ಇರಲಿಲ್ಲ, ಕಾಲ್ನಡಿಗೆಯಲ್ಲಿ ಊರೂರು ತಿರುಗಿದ ಹೆಂಗಸರಿದ್ದರು.

ಈಗಿನ ಮಾತಿಗೆ ಬರೋಣ. 2007ರಲ್ಲಿ ಬೀದರಕ್ಕೆ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂತು. ನಮ್ಮ ಜನ ಅದನ್ನು ಬ್ರಿಮ್ಸ್ ಅನ್ನುತ್ತಾರೆ. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದ ಮಕ್ಕಳಿಗೆ ಸೀಟಿನಲ್ಲೂ ಸರ್ಕಾರಿ ನೌಕರಿಯಲ್ಲೂ ಮೀಸಲಾತಿ ಸಿಕ್ಕಿತು. ಜಾತಿಯ ಅಳುಕು ಬಹುಮಟ್ಟಿಗೆ ಹೋಗಿದೆ. ನೌಕರಿ ಸಿಗುತ್ತದೆ, ಗಲ್ಫಿಗೆ ಹೋಗಬಹುದು ಎಂದಾದ ಮೇಲೆ ಎಲ್ಲ ಮನೆಗಳ ಹೆಣ್ಣುಮಕ್ಕಳೂ ಬರುತ್ತಿದ್ದಾರೆ, ಗಂಡುಹುಡುಗರೂ ಬರುತ್ತಿದ್ದಾರೆ. ಸಂಬಳ ಬಂದರೆ ಸೂತಕ ಓಡಿಹೋಗುತ್ತದೆ ಎಂಬುದನ್ನು ಶರಣರೂ ಊಹಿಸಿರಲಿಕ್ಕಿಲ್ಲ!

ಆದರೆ ಹಳೆಯ ತೊಡಕು ತಲೆಕೆಳಗಾಗಿ ನಿಂತಿದೆ. ಆಗ ಆಸ್ಪತ್ರೆ ಇತ್ತು, ಶಾಲೆಗೆ ಕಟ್ಟಡವಿರಲಿಲ್ಲ. ಈಗ ಕೆಲವೆಡೆ ನರ್ಸಿಂಗ್ ಕಾಲೇಜಿನ ಕಟ್ಟಡವಿದೆ, ಹಿಂದೆ ಆಸ್ಪತ್ರೆಯೇ ಇಲ್ಲ. ಪದವಿ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಬೇಕೆಂದು ಕೌನ್ಸಿಲಿನ ನಿಯಮವಿದೆ. ಮಂಗಲಪೇಟೆಯಂಥ ಕಡೆ ದುಡಿದ ಆ ಹಳೆಯ ಸಿಸ್ಟರುಗಳಿಗೆ ಈ ನಿಯಮವನ್ನು ಯಾರೂ ಓದಿಹೇಳಬೇಕಾಗಿರಲಿಲ್ಲ. ಭಾಲ್ಕಿಯಲ್ಲೋ ಔರಾದಿನಲ್ಲೋ ಮಗಳನ್ನು ನರ್ಸಿಂಗಿಗೆ ಸೇರಿಸಬೇಕೆಂದಿರುವ ತಂದೆ-ತಾಯಿ ಈ ಮಾತು ಕೇಳುತ್ತಿದ್ದರೆ, ಫೀಸು ಎಷ್ಟು, ಹಾಸ್ಟೆಲು ಹೇಗಿದೆ ಎಂದು ಕೇಳುವಾಗ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಿ. ಮಕ್ಕಳು ಯಾವ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಕಲಿಯುತ್ತಾರೆ? ರಾತ್ರಿಪಾಳಿಯಲ್ಲಿ ಅವರ ಜೊತೆ ಕಲಿಸುವವರು ಯಾರು ನಿಂತಿರುತ್ತಾರೆ? ಉತ್ತರ ಕೊಡಲು ಆಫೀಸಿನವರು ತಡವರಿಸಿದರೆ ಅರ್ಜಿ ಫಾರಂ ವಾಪಸ್ ಕೊಟ್ಟು ಬನ್ನಿ.